ಸ್ಥಿತಿ: ಬಾಕಿ

ಸೌದಿಯ ಬುರೈದಾದಲ್ಲಿ ನಾವು ಅವರನ್ನು ಕರೆಯುವುದು ಎಕ್ಸೆಲ್ ಭಾವ ಎಂದು. ಪುತ್ತೂರು ಕಡೆಯವರು. ನಮ್ಮ ಕಡೆ ಸಂಬಂಧ ಇರಲಿ, ಇಲ್ಲದಿರಲಿ, ಪರಿಚಯವಾದ ಗಂಡಸನ್ನು ಭಾವ ಎಂದುಬಿಟ್ಟರೆ ಆಯಿತು. ಅವರ ಹೆಂಡತಿ ತಾನಾಗಿ ಅಕ್ಕ ಆಗುತ್ತಾರೆ, ತಾಯಿ ಅತ್ತೆ ಆಗುತ್ತಾರೆ, ಶುಕ್ರವಾರ ಉಣ್ಣಲು ನಮಗೊಂದು ಮನೆ ಆಗುತ್ತದೆ. 'ಎಕ್ಸೆಲ್' ಮಾತ್ರ ಅವರು ಸ್ವಂತ ದುಡಿಮೆಯಿಂದ ಸಂಪಾದಿಸಿದ ಬಿರುದು.

ಇಂಥವರು ಗಲ್ಫಿನ ಊರಿಗೊಬ್ಬರು ಇದ್ದೇ ಇರುತ್ತಾರೆ. ನಾಲ್ಕು ಮನೆಯವರು ಸೇರಿ ಉನೈಜಾಕ್ಕೆ ಹೋಗಿ ಬರುವ ಎಂದರೆ ಸಾಕು. ಉನೈಜಾ ಏನು ದೂರವಲ್ಲ, ಪಕ್ಕದ ಊರು. ಆದರೂ ರಾತ್ರಿ ಹನ್ನೊಂದಕ್ಕೆ ಭಾವನ ಶೀಟು ಬರುತ್ತದೆ: ಯಾರ ಕಾರಿನಲ್ಲಿ ಯಾರು, ಯಾರ ಪಾತ್ರೆಯಲ್ಲಿ ಚಿತ್ರಾನ್ನ, ಯಾವ ಮಗುವಿಗೆ ಕಾರಿನಲ್ಲಿ ವಾಂತಿ, ಅದಕ್ಕೆ ಎಡ ಕಿಟಕಿಯೋ ಬಲ ಕಿಟಕಿಯೋ. ಶೀಟಿನ ಕೊನೆಯ ಕಾಲಮ್ಮಿಗೆ 'ಸ್ಥಿತಿ' ಎಂದು ಹೆಸರು. ಅದರೊಳಗೆ ಬರುವುದು ಎರಡೇ ಮಾತು: 'ಬಾಕಿ' ಮತ್ತು 'ಜಾರಿ'. ಭಾವನ ತಂದೆ ಪಂಚಾಯತ್ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ತೋಟ ತಮ್ಮಂದಿರಿಗೆ ಹೋಯಿತು, ಈ ಎರಡು ಶಬ್ದ ಇವರ ಪಾಲಿಗೆ ಬಂತು.

2022ರ ಅಕ್ಟೋಬರಿನಲ್ಲಿ ಒಂದು ಸುದ್ದಿ ಬಂತು: 2029ರ ಏಷ್ಯನ್ ಚಳಿಗಾಲದ ಕ್ರೀಡಾಕೂಟ ಸೌದಿಯ ಟ್ರೊಜೇನಾಕ್ಕೆ! ಟ್ರೊಜೇನಾ ಎಂದರೆ ತಬೂಕ್ ಪ್ರಾಂತ್ಯದ ಬೆಟ್ಟಗಳ ನಡುವೆ, ನಿಯೋಮ್ ಯೋಜನೆಯಲ್ಲಿ, ಇನ್ನು ಕಟ್ಟಬೇಕಾಗಿದ್ದ ಊರು. ಆ ಕಡೆ ಜಬಲ್ ಅಲ್-ಲೌಜ್ ಎಂಬ 2,500 ಮೀಟರಿಗೂ ಎತ್ತರದ ಬೆಟ್ಟ ಉಂಟು. ಕೆಲವು ಚಳಿಗಾಲ ಅದರ ನೆತ್ತಿ ಬೆಳ್ಳಗಾಗುತ್ತದೆ, ಥೋಬ್ ತೊಟ್ಟವರು ಹಿಮದಲ್ಲಿ ಕುಣಿಯುವ ವೀಡಿಯೊ ನಮ್ಮ ಫೋನಿಗೂ ಬರುತ್ತದೆ. ಸಾಲದ ಹಿಮಕ್ಕೆ ಯಂತ್ರ. ನಾವೆಲ್ಲ ನಕ್ಕು ಚಹಾ ಕುಡಿದೆವು. ಭಾವ ನಗಲಿಲ್ಲ.

"ಇಲ್ಲದ ಊರಿನಲ್ಲಿ ಇಲ್ಲದ ಹಿಮಕ್ಕೆ ಏಳು ವರ್ಷ ಮೊದಲೇ ಪ್ಲಾನು! ಇದು ಕೆಲಸ ಅಂದ್ರೆ ಮಾರಾಯ," ಎಂದರು. ಅಷ್ಟು ಭಕ್ತಿ ಅವರ ಮುಖದಲ್ಲಿ ಕಟೀಲಿನ ರಥೋತ್ಸವದಲ್ಲೂ ಬಂದಿರಲಿಕ್ಕಿಲ್ಲ.

ಅದೇ ವಾರ 'ಹಿಮಯಾತ್ರೆ' ಎಂಬ ವಾಟ್ಸಾಪ್ ಗುಂಪು ಹುಟ್ಟಿತು. ಸದಸ್ಯರು ಏಳು. ಐವರು ಒಂದೇ ಹಾಲಿನಲ್ಲಿ ಒಂದೇ ಸೋಫಾದ ಸುತ್ತ ಕೂತವರು: ಭಾವ, ಅಕ್ಕ, ಮಗಳು, ಮಗ, ವಿಸಿಟ್ ವೀಸಾದಲ್ಲಿ ಬಂದಿದ್ದ ಎಪ್ಪತ್ತೆರಡರ ಅತ್ತೆ. ಆರನೆಯವನು ಜುಬೈಲಿನಲ್ಲಿರುವ ಭಾವಮೈದ. ಏಳನೆಯವನು ನಾನು, ಸಾಕ್ಷಿಗೆ.

ಮೊದಲ ಕೆಲಸ ಅಭಿಪ್ರಾಯ ಸಂಗ್ರಹ. ಹಿಮದಲ್ಲಿ ಜಾರುವ ಆಸೆ ಐದರಲ್ಲಿ ಎಷ್ಟು, ಬೇರೆ ಬೇಡಿಕೆ ಏನು? ಮಗ ಐದಕ್ಕೆ ಐನೂರು ಹಾಕಿ, ಬೇಡಿಕೆಯಲ್ಲಿ 'ಪೆಂಗ್ವಿನ್' ಎಂದು ಬರೆದ. ಮಗಳು ಎರಡು ಹಾಕಿ, ನೆಟ್‌ವರ್ಕ್ ಇರಬೇಕು, ಎಲ್ಲರೂ ಒಂದೇ ಬಣ್ಣದ ಜಾಕೆಟ್ ಹಾಕಿ ಫೋಟೋಕ್ಕೆ ನಿಲ್ಲುವ ಕಾರ್ಯಕ್ರಮ ಇರಬಾರದು ಎಂದಳು. ಅಕ್ಕ ಜಾರುವುದಕ್ಕೆ ಸೊನ್ನೆ ಕೊಟ್ಟರು. ಬೇಡಿಕೆ: 'ಒಂದು ಕುರ್ಚಿ. ನಾನು ಅದರಲ್ಲಿ ಕೂತಾಗ ಯಾರೂ ಬಂದು ಅದು ಎಲ್ಲಿ, ಇದು ಎಲ್ಲಿ ಎಂದು ಕೇಳಬಾರದು.' ಅತ್ತೆಯ ಪರವಾಗಿ ಮೊಮ್ಮಗ ತುಂಬಿದ: 'ಆಸೆ: ರಾಮ ರಾಮ. ಬೇಡಿಕೆ: ಕುಚ್ಚಲಕ್ಕಿ ಗಂಜಿ.' ಜುಬೈಲಿನಿಂದ ಉತ್ತರದ ಬದಲು ಫೋಟೋ ಬಂತು. ಮದುವೆಯಾದ ಹೊಸತರಲ್ಲಿ ಮನಾಲಿಗೆ ಹೋದವನು, ದಾರಿಬದಿಯಲ್ಲಿ ಬಾಡಿಗೆಗೆ ಸಿಗುವ ಉದ್ದ ಕೋಟು, ಗಮ್‌ಬೂಟು ಹಾಕಿ, ಎರಡು ಸ್ಕೀ ಹಿಡಿದು ನಿಂತಿದ್ದ. ಸ್ಕೀ ನೆಲದ ಮೇಲಿಲ್ಲ, ಹೆಗಲ ಮೇಲಿತ್ತು. ಆದರೂ ನಮ್ಮ ಪೈಕಿ ಹಿಮ ಕಂಡವನು ಅವನೊಬ್ಬನೇ.

ಇದರಿಂದ ಭಾವ ಮೂರು ವರ್ಗ ಮಾಡಿದರು: ಜಾರುವವರು, ಜಾರಿ ಬೀಳುವವರು, ಜಾರಿಕೊಳ್ಳುವವರು. ಮೊದಲನೆಯದರಲ್ಲಿ ಭಾವಮೈದ, ಎರಡನೆಯದರಲ್ಲಿ ಮಕ್ಕಳು, ಮೂರನೆಯದರಲ್ಲಿ ಅಕ್ಕ, ಅತ್ತೆ. ನಗಾಡಬೇಡಿ, ಭಾವ ಓದಿಕೊಂಡಿದ್ದರು. ಹೊಸಬರಿಗೆ ಮೊದಲ ಎರಡು ದಿನ ಗುರು ಬೇಕೇ ಬೇಕು, ಅಪ್ಪ ಕಲಿಸಲು ಹೋದರೆ ಮನೆ ಒಡೆಯುತ್ತದೆ. ಜಾರದವರಿಗೆ ಆರು ದಿನದ ಲಿಫ್ಟ್ ಪಾಸು ದಂಡ, ಗೊಂಡೋಲಾದಲ್ಲಿ ಒಂದು ಸಲ ಹತ್ತಿ ಇಳಿಯುವ ಟಿಕೇಟು ಸಾಕು. ಜೀನ್ಸ್ ಒದ್ದೆಯಾದರೆ ಹಲಗೆಯಾಗುತ್ತದೆ, ಹತ್ತಿಯ ಕಾಲುಚೀಲ ಬೆವರು ಹೀರಿ ಕಾಲನ್ನು ತಣ್ಣಗೆ ಮಾಡುತ್ತದೆ. ಯಾರು ಎಲ್ಲಿ ಬೇಕಾದರೂ ಹೋಗಲಿ, ಮಧ್ಯಾಹ್ನದ ಊಟಕ್ಕೆ ಎಲ್ಲರೂ ಒಂದೇ ಕಡೆ ಸೇರಬೇಕು. ಈ ಕೊನೆಯದನ್ನು ಅವರು ಹಳದಿ ಬಣ್ಣದಲ್ಲಿ ಬರೆದಿದ್ದರು. ಇಷ್ಟೂ ಸರಿಯಾದ ಮಾತೇ. ಹೇಳಿದವರು ಕಂಡ ಹಿಮ ಫ್ರಿಜ್ಜಿನ ಮೇಲಿನ ಖಾನೆಯದ್ದು ಮಾತ್ರ ಎನ್ನುವುದು ಬೇರೆ ವಿಷಯ.

ತೊಡಕು ಬಂದದ್ದು ಬೈಂಡಿಂಗಿನಲ್ಲಿ. ಬೈಂಡಿಂಗ್ ಎಂದರೆ ಬೂಟನ್ನು ಸ್ಕೀಗೆ ಕಚ್ಚಿಸುವ ಕೊಂಡಿ. ಬಿದ್ದಾಗ ಅದು ತಾನಾಗಿ ಬಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಕಾಲು ತಿರುಚಿ ಮುರಿಯುತ್ತದೆ. ಎಷ್ಟು ಬಿಗಿ ಇಡಬೇಕೆಂಬುದಕ್ಕೆ ಲೆಕ್ಕ ಉಂಟು: ತೂಕ, ಎತ್ತರ, ಪ್ರಾಯ, ಬೂಟಿನ ಅಟ್ಟೆಯ ಉದ್ದ, ಮತ್ತೆ ನೀವು ಎಂಥ ಜಾರುಗಾರ ಎಂಬ ಪ್ರಾಮಾಣಿಕ ಉತ್ತರ. ಹೆಚ್ಚು ಕೊಚ್ಚಿಕೊಂಡರೆ ಹೆಚ್ಚು ಬಿಗಿ, ಹೆಚ್ಚು ಬಿಗಿಯಾದರೆ ಮೂಳೆಗೆ ಕುತ್ತು. ಜುಬೈಲಿನವನು 'ಎಕ್ಸ್‌ಪರ್ಟ್' ಎಂದೇ ತುಂಬಿದ್ದ. ಭಾವ ಅದನ್ನು ಅವನಿಗೆ ತಿಳಿಯದಂತೆ ಎರಡು ಮೆಟ್ಟಿಲು ಇಳಿಸಿದರು. ಆಮೇಲೆ ತೂಕದ ಯಂತ್ರ ತಂದು ಹಾಲಿನ ನಡುವೆ ಇಟ್ಟರು.

"ನೀನೊಂದು ಹತ್ತು," ಎಂದರು ಅಕ್ಕನಿಗೆ.

"ಎಂತಕ್ಕೆ? ನಾನು ಕುರ್ಚಿಯಲ್ಲಿ ಕೂರುವವಳು. ಕುರ್ಚಿಗೆ ಬೈಂಡಿಂಗ್ ಉಂಟಾ?"

"ಫಾರ್ಮುಲಾ ಎರರ್ ತೋರಿಸ್ತದೆ ಮಾರಾಯ್ತಿ, ಒಂದು ಚೌಕ ಖಾಲಿ ಇದ್ರೆ."

"ತೋರಿಸ್ಲಿ. ಇಪ್ಪತ್ತು ವರ್ಷದಲ್ಲಿ ನಿಮಗೆ ಹೇಳದ್ದನ್ನು ಎಕ್ಸೆಲಿಗೆ ಹೇಳ್ತೇನಾ?"

ಭಾವ ಏನೂ ಅನ್ನದೆ ಆ ಚೌಕದಲ್ಲಿ 'ಬಾಕಿ' ಎಂದು ಬರೆದರು.

ಆ ಸಂಜೆಯೇ ಯೂಟ್ಯೂಬ್ ಪಾಠ. ಸ್ಕೀ ನಿಲ್ಲಿಸಲು ಹೊಸಬರು ಎರಡು ಕಾಲಿನ ಮುಂಭಾಗ ಹತ್ತಿರ ತಂದು, ಹಿಮ್ಮಡಿ ಅಗಲಿಸಿ, ಒಳಬದಿಗೆ ಒತ್ತಬೇಕು. ಮಕ್ಕಳಿಗೆ ಅದನ್ನು ಪಿಜ್ಜಾದ ತುಂಡು ಎಂದು ಹೇಳಿಕೊಡುತ್ತಾರೆ. ಮಗ ಟೈಲ್ಸಿನ ಮೇಲೆ ಕಾಲುಚೀಲದಲ್ಲಿ ಅಭ್ಯಾಸ ಮಾಡಿ ಟೀಪಾಯಿಗೆ ಹೋಗಿ ಬಡಿದ. ಅದುವರೆಗೆ ಬತ್ತಿ ಹೊಸೆಯುತ್ತಾ ಕೂತಿದ್ದ ಅತ್ತೆ ತಲೆ ಎತ್ತಿ ನೋಡಿದರು.

"ಇದು ನಮ್ಮ ಆಟಿ ತಿಂಗಳ ನಡಿಗೆ ಅಲ್ವಾ ಮಾಣಿ? ಅಂಗಳಕ್ಕೆ ಪಾಚಿ ಹಿಡಿದಾಗ ಹೀಗೇ ಅಲ್ವಾ ನಾವು ನಡೆದದ್ದು?"

ಸೋಫಾಕ್ಕೆ ಕೈ ಊರಿ ಎದ್ದರು. ಸೀರೆ ಒಂದು ಗೇಣು ಎತ್ತಿ ಸಿಕ್ಕಿಸಿ, ಮೊಣಕಾಲು ಚೂರು ಮಡಿಸಿ, ಹೆಬ್ಬೆರಳು ಒಳಕ್ಕೆ ತಿರುಗಿಸಿ ಒತ್ತುತ್ತಾ, ಸೊಂಟದಲ್ಲಿ ಇಲ್ಲದ ಕೊಡಪಾನವನ್ನು ಒಂದು ಕೈಯಲ್ಲಿ ತಬ್ಬಿಕೊಂಡು ಹಾಲಿನ ಆ ತುದಿಯಿಂದ ಈ ತುದಿಗೆ ಬಂದರು. ಟಿವಿಯಲ್ಲಿ ಗುರು ಹೇಳುತ್ತಿದ್ದದ್ದೂ ಅದನ್ನೇ: ಮೊಣಕಾಲು ಮಡಿಸಿ, ಹೆಬ್ಬೆರಳಿನ ಕಡೆ ಒತ್ತಿ, ಹಿಂದಕ್ಕೆ ವಾಲಬೇಡಿ.

"ನಲವತ್ತು ಮಳೆಗಾಲ ಬಾವಿಯಿಂದ ನೀರು ತಂದಿದ್ದೇನೆ. ಒಂದೇ ಒಂದು ದಿನ ಬೀಳ್ಲಿಲ್ಲ," ಎಂದು ಕೂತು ಮತ್ತೆ ಬತ್ತಿ ಹಿಡಿದರು.

ಭಾವ ಬಹಳ ಹೊತ್ತು ಲ್ಯಾಪ್‌ಟಾಪ್ ನೋಡಿ, ಜಾರಿಕೊಳ್ಳುವವರ ಪಟ್ಟಿಯಿಂದ ತಾಯಿಯ ಹೆಸರು ತೆಗೆದರು. ಮೂರು ವರ್ಗದಲ್ಲಿ ಎಲ್ಲೂ ಕೂರದ ಕಾರಣ 'ಜಾರದವರು' ಎಂದು ನಾಲ್ಕನೆಯದು ಮಾಡಬೇಕಾಯಿತು.

ಇನ್ನು ಹೋಗುವುದು ಎಲ್ಲಿಗೆ? ಗುಲ್ಮಾರ್ಗ್ ಚೆಂದ. ಅಲ್ಲಿಯ ಗೊಂಡೋಲಾ ಎರಡು ಹಂತದಲ್ಲಿ ಅಫರ್ವತ್ ಬೆಟ್ಟದ ಮೇಲೆ 3,900 ಮೀಟರಿಗೂ ಎತ್ತರಕ್ಕೆ ಒಯ್ಯುತ್ತದೆ. ಆದರೆ ಇಂಡಿಯಾಕ್ಕೆ ಹೋದವರು ಪುತ್ತೂರಿಗೆ ಬಾರದೆ ಕಾಶ್ಮೀರಕ್ಕೆ ಹೋದರು ಎಂದಾದರೆ, ಆಮೇಲೆ ನೆಂಟರ ಮುಖದಲ್ಲಿ ಬೀಳುವ ಹಿಮ ಕರಗಲು ಹತ್ತು ವರ್ಷ ಬೇಕು. ಜಾರ್ಜಿಯಾದ ಗುದೌರಿ ಗಲ್ಫಿನವರಿಗೆ ಹೇಳಿ ಮಾಡಿಸಿದ್ದು. ತ್ಬಿಲಿಸಿಯಿಂದ ಸುಮಾರು 120 ಕಿಲೋಮೀಟರ್, 2,200 ಮೀಟರ್ ಎತ್ತರ, ಹೊಸಬರಿಗೆ ಬೇಕಾದಂಥ ಅಗಲವಾದ ಇಳಿಜಾರು. ಆದರೆ ಇಕಾಮಾ ಎಂಬ ನಮ್ಮ ವಾಸದ ಪರವಾನಗಿ ತೋರಿಸಿ ಒಳಹೋಗುವ ಲೆಕ್ಕ ವಿಸಿಟ್ ವೀಸಾದ ಅತ್ತೆಗೆ ನಡೆಯದು. ದುಬೈಯ ಮಾಲಿನೊಳಗೆ 2005ರಿಂದ ಹಿಮಬೆಟ್ಟವೇ ಉಂಟು, 85 ಮೀಟರ್ ಎತ್ತರ, 400 ಮೀಟರಿನ ಜಾರು, ಹೊರಗೆ ಬೆಂಕಿ ಸುರಿದರೂ ಒಳಗೆ ಸೊನ್ನೆಗಿಂತ ಕೆಳಗೆ. ಪೆಂಗ್ವಿನ್‌ಗಳೂ ಇವೆ. ಮಗ ಅಲ್ಲಿಗೇ ನಾಮಪತ್ರ ಹಾಕಿದ. "ಬಟ್ಟೆ ಅಂಗಡಿಗೆ ಹೋಗಿ ಚಳಿ ತಿಂದು ಬರುದಾ?" ಎಂದು ಅಕ್ಕ ತಳ್ಳಿಹಾಕಿದರು.

ಸ್ಥಳ ಇತ್ಯರ್ಥವಾದರೂ ದಿನ ಎಲ್ಲಿದೆ? ಮಗಳಿಗೆ ಹತ್ತನೇ ಕ್ಲಾಸಿನ ಬೋರ್ಡ್ ಪರೀಕ್ಷೆ. 2023ರ ಫೆಬ್ರವರಿ 15ಕ್ಕೆ ಶುರುವಾದರೆ ಮುಗಿಯುವುದು ಮಾರ್ಚ್ 21ಕ್ಕೆ. ಮಾರ್ಚ್ 23ಕ್ಕೆ ರಂಜಾನ್ ಉಪವಾಸ. ಮುದೀರ, ಅಂದರೆ ಭಾವನ ಮೇಲಧಿಕಾರಿ, ಆ ತಿಂಗಳಲ್ಲಿ ರಜೆಯ ಕಾಗದ ಮುಟ್ಟುವುದಿಲ್ಲ. ಈದ್ ಮುಗಿಯುವಾಗ ಹಿಮ ನೀರಾಗಿರುತ್ತದೆ. ಪರೀಕ್ಷೆಗೆ ಮೊದಲೇ ಐದು ದಿನ ಸಿಕ್ಕೀತೋ ಎಂದು ಭಾವ ಮುದೀರನ ಹತ್ತಿರ ಇಜಾಜಾ, ಅಂದರೆ ರಜೆ, ಕೇಳಿದರು. "ಬುಕ್ರಾ, ಇನ್ಶಾಲ್ಲಾ," ಎಂದ ಮುದೀರ. ಆ ನಾಳೆಯೂ ಶೀಟಿನಲ್ಲಿ ಬಾಕಿ ಕೂತಿತು.

ಅದೇ ಫೈಲಿನ ಅಡಿಯಲ್ಲಿ ಬೇರೆ ಶೀಟುಗಳಿರುವುದನ್ನು ನಾನು ಕಂಡದ್ದು ಆಗಲೇ: 'ಮನೆಯ ಮಾಡು', 'ಅಕ್ಕನ ಹಲ್ಲು', 'ಮಗಳ ಕಾಲೇಜು'. ಕಟ್ಟಕಡೆಗೆ 'ಫೈನಲ್ ಎಕ್ಸಿಟ್', ಅಂದರೆ ಗಲ್ಫ್ ಬಿಟ್ಟು ಊರಿಗೆ ಮರಳುವ ವರ್ಷ. ಅದರಲ್ಲಿ 2014 ಹೊಡೆದು 2017, ಅದನ್ನು ಹೊಡೆದು 2020, ಅದನ್ನೂ ಹೊಡೆದು 2025. 2017ರ ಪಕ್ಕ ಒಂದು ಲೆಕ್ಕ. ಆ ಜುಲೈಯಿಂದ ಇಲ್ಲಿ ಕುಟುಂಬದ ಪ್ರತಿ ತಲೆಗೆ ತಿಂಗಳಿಗೆ 100 ರಿಯಾಲ್ ಕಟ್ಟಬೇಕಾಯಿತು, ವರ್ಷ ವರ್ಷ ಏರಿ 2020ಕ್ಕೆ 400 ಆಯಿತು. ಮೂರು ತಲೆ, ತಿಂಗಳಿಗೆ 1,200. ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿದರೆ ಎಷ್ಟು ಉಳಿತಾಯ ಎಂದು ಕೂಡಿಸಿ, ಮೊತ್ತದ ಚೌಕವನ್ನು ಖಾಲಿ ಬಿಟ್ಟಿದ್ದರು.

ಇಕಾಮಾ ಎಷ್ಟು ದಿನ, ರಜೆ ಯಾವಾಗ, ಹೋಗಿ ಬರುವ ಎಕ್ಸಿಟ್ ರೀಎಂಟ್ರಿ ಯಾರು ಕೊಡಬೇಕು, ಇವೆಲ್ಲ ಬೇರೆಯವರು ತುಂಬುವ ಕಾಲಮ್ಮು. ಯಾವ ಮಗು ಯಾವ ಕಿಟಕಿಯ ಹತ್ತಿರ ಎನ್ನುವುದೊಂದು ಭಾವನ ಕೈಯಲ್ಲಿತ್ತು. ಅದನ್ನು ಅವರು ಅಷ್ಟು ಚೊಕ್ಕ ತುಂಬುತ್ತಿದ್ದರು.

ಜನವರಿಯ ಒಂದು ಶುಕ್ರವಾರ 'ಪೂರ್ವಾಭ್ಯಾಸ'ದ ಆದೇಶ ಹೊರಟಿತು. ಬುರೈದಾದಿಂದ ಜುಲ್ಫಿ ಕಡೆ ಹೋದರೆ ಥುವೈರಾತಿನ ಮರಳು ದಿಬ್ಬಗಳು. ಚಳಿಗಾಲದಲ್ಲಿ ಇಲ್ಲಿಯವರು ಸಂಸಾರ ಸಮೇತ ಮರಳಿಗೆ ಹೋಗಿ ಬೆಂಕಿ ಹಾಕಿ ಕೂರುವುದಕ್ಕೆ ಕಶ್ತಾ ಎನ್ನುತ್ತಾರೆ. ನಾವು ಒಯ್ದದ್ದು ಗಂಜಿ, ಹಪ್ಪಳ, ಅತ್ತೆಗೆ ಕುರಿಚರ್ಮದ ಒಳಪದರವಿರುವ ಫರ್ವಾ ನಿಲುವಂಗಿ, ಮತ್ತು ಆರು ಜನ ಸುತ್ತ ಕೂತು ಕಬ್ಸಾ ಉಣ್ಣುವಷ್ಟು ಅಗಲದ ಎರಡು ತಟ್ಟೆ. ತಟ್ಟೆಯ ಅಡಿಗೆ ಭಾವ ಮೊಂಬತ್ತಿ ತಿಕ್ಕಿದರು. "ಅಡಿಕೆ ಹಾಳೆ ಆದ್ರೆ ಇದೆಲ್ಲ ಬೇಡ ಇತ್ತು," ಎಂದರು ಫರ್ವಾದೊಳಗಿಂದ ಅತ್ತೆ. ಹಾಳೆಯ ಮೇಲೆ ಕೂತು ಎಳೆಸಿಕೊಳ್ಳದೆ ದೊಡ್ಡವರಾದವರು ನಮ್ಮ ಕಡೆ ಯಾರಿದ್ದಾರೆ?

ಮಗ ಐದು ಸಲ ಜಾರಿದ. ಮಗಳು ವಿಜ್ಞಾನದ ಪುಸ್ತಕ ಮಡಚಿಟ್ಟು ಏಳು ಸಲ ಜಾರಿದಳು. ಜುಬೈಲಿನಿಂದ ಬಂದಿದ್ದ ಎಕ್ಸ್‌ಪರ್ಟ್ ಮೊದಲು ಫೋಟೋ ತೆಗೆಸಿಕೊಂಡ. ಆಮೇಲೆ ಅವನೊಂದು ದಾರಿಯಲ್ಲಿ, ತಟ್ಟೆಯೊಂದು ದಾರಿಯಲ್ಲಿ ಕೆಳಗೆ ಬಂದವು. "ಬೈಂಡಿಂಗ್ ಸಡಿಲ ಆಯ್ತು," ಎಂದ. ಅಕ್ಕ ಕುರ್ಚಿಯಲ್ಲಿ ಕೂತೇ ಇದ್ದರು. ನೀರು ಎಲ್ಲಿ, ಟವೆಲ್ ಎಲ್ಲಿ ಎಂದು ಅವರನ್ನು ಯಾರೂ ಕೇಳಲಿಲ್ಲ, ಭಾವ ಎಲ್ಲದಕ್ಕೂ ಹೆಸರಿನ ಚೀಟಿ ಅಂಟಿಸಿದ್ದರು. ಹಾಗೆ ಅಂಟಿಸಿದವರು ದಿಬ್ಬದ ಬುಡದಲ್ಲಿ, ಒಂದು ಕೈಯಲ್ಲಿ ಎಲ್ಲರ ಚಪ್ಪಲಿ, ಇನ್ನೊಂದರಲ್ಲಿ ಫೋನು ಹಿಡಿದು ಸರದಿ ಕೂಗುತ್ತಾ ನಿಂತಿದ್ದರು.

"ಮಾಣಿ," ಎಂದರು ಅತ್ತೆ, "ಎಲ್ಲರ ಹತ್ರ ಕೇಳಿದೆ, ಆಸೆ ಐದರಲ್ಲಿ ಎಷ್ಟು ಅಂತ. ನಿನ್ನದೆಷ್ಟು?"

ಭಾವ ಫೋನಿನಲ್ಲಿ ಶೀಟು ತೆರೆದರು. ಮೇಲಿನಿಂದ ಕೆಳಗೆ ಒಮ್ಮೆ, ಕೆಳಗಿನಿಂದ ಮೇಲೆ ಒಮ್ಮೆ ಬೆರಳು ಎಳೆದರು.

"ನನ್ನ ಹೆಸರು ಹಾಕ್ಲಿಕ್ಕೆ ಬಿಟ್ಟುಹೋಗಿದೆ ಅಮ್ಮಾ."

"ಹಾಗಾದ್ರೆ ಹೋಗು. ಹೆಬ್ಬೆರಳು ಒತ್ತಿ ಹತ್ತು."

ಚಪ್ಪಲಿಗಳು ನನ್ನ ಕೈಗೆ ಬಂದವು. ಭಾವ ಹತ್ತಿದರು, ಕೂತರು, ಕಣ್ಣು ಮುಚ್ಚಿದರು. ತಟ್ಟೆ ಅರ್ಧ ದಾರಿಯಲ್ಲಿ ಗಿರಕಿ ಹೊಡೆದು, ಅವರನ್ನು ಹಿಂದುಮುಂದಾಗಿ ನಮ್ಮ ಕಾಲ ಬುಡಕ್ಕೆ ತಂದು ಹಾಕಿತು. ಮರಳು ಕೊಡವದೆ ಎದ್ದವರು ತಟ್ಟೆ ಎಳೆದುಕೊಂಡು ಮತ್ತೆ ಹತ್ತತೊಡಗಿದರು.

"ಅಪ್ಪಾ, ಈಗ ನನ್ನ ಸರದಿ! ಶೀಟಿನಲ್ಲಿ ಉಂಟು!" ಎಂದು ಮಗ ಕೂಗಿದ.

"ಶೀಟು ಇರ್ಲಿ ಮಾರಾಯ," ಎಂದಿತು ದಿಬ್ಬದ ಮೇಲಿನ ಧ್ವನಿ.

ಆ ರಾತ್ರಿ ಹನ್ನೊಂದಕ್ಕೆ ಗುಂಪಿಗೆ ಹೊಸ ಶೀಟು ಬಂತು. ಕೊನೆಯಲ್ಲಿ ಒಂದು ಸಾಲು ಹೆಚ್ಚಾಗಿತ್ತು. ಹೆಸರು: ನಾನು. ತೂಕ: 84. ಆಸೆ: 5. ಸ್ಥಿತಿ: ಜಾರಿ.

ಅಕ್ಕನ ತೂಕ ಈಗಲೂ ಬಾಕಿ.