ಬಾಯಿಗೆ ಬೀಗ ಹಾಕಿದ ಮಿತ್ರ

ಹೈದರಾಬಾದಿನ ಗೋಲ್ಕೊಂಡ ಕೋಟೆಯ ಫತೇ ದರ್ವಾಜೆಯಲ್ಲಿ ಚಪ್ಪಾಳೆ ತಟ್ಟಿದರೆ ಮೇಲೆ ಕೋಟೆಯ ತುದಿಯ ಬಾಲಾ ಹಿಸಾರಿನಲ್ಲಿ ಕೇಳಿಸುತ್ತದೆ. ಗೈಡುಗಳು ಇದನ್ನೇ ತೋರಿಸಿ ಹೊಟ್ಟೆ ಹೊರೆಯುತ್ತಾರೆ. ಅದೇ ಗೋಲ್ಕೊಂಡದಲ್ಲಿ ಸೇನೆಯ ಆರ್ಟಿಲರಿ ಸೆಂಟರ್ ಕೂಡ ಇದೆ. ಅಲ್ಲಿನ ಜವಾನನೊಬ್ಬ ರಜೆ ಮುಗಿದರೂ ಊರಲ್ಲೇ ಉಳಿದು ಸಮರಿ ಕೋರ್ಟ್ ಮಾರ್ಷಲ್‌ಗೆ, ಅಂದರೆ ಸೇನೆಯ ಚುಟುಕು ವಿಚಾರಣೆಗೆ, ಸಿಕ್ಕಿಬಿದ್ದ ಅನ್ನಿ. ಮಗ್ಗುಲಲ್ಲೇ ಕೂತ ಅವನ ವಕೀಲರ ದನಿ ಎದುರಿನ ಮೇಜಿಗೂ ಮುಟ್ಟುವ ಹಾಗಿಲ್ಲ.

ದೋಷ ಕಿವಿಯದಲ್ಲ, ಕಾನೂನಿನದು. 1954ರ ಸೇನಾ ನಿಯಮಗಳಲ್ಲಿ 129ನೆಯದು ಮಹಾ ಉದಾರಿ. ಆರೋಪಿ ಯಾರನ್ನಾದರೂ ನೆರವಿಗೆ ಕರೆತರಲಿ, ವಕೀಲರನ್ನೇ ತರಲಿ, ಅಡ್ಡಿಯಿಲ್ಲ. ಬಂದವರಿಗೆ ‘ಆರೋಪಿಯ ಮಿತ್ರ’ ಎಂಬ ಬಿರುದು ಬೇರೆ. ಮಿತ್ರರು ಸಲಹೆ ಕೊಡಬಹುದು, ಪ್ರಶ್ನೆ ಹೇಳಿಕೊಡಬಹುದು. ಸಾಕ್ಷಿಯನ್ನು ತಾವೇ ಕೇಳುವಂತಿಲ್ಲ, ಕೋರ್ಟಿನೆದುರು ವಾದಿಸುವಂತಿಲ್ಲ. ಫೀಸು ತೆತ್ತು ತಂದ ವಕೀಲರು ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕಿಟಕಿಯಲ್ಲಿ ಚೀಟಿ ತೂರಿಸುವ ಸೋದರಮಾವನಂತೆ ಪಿಸುಗುಟ್ಟಬೇಕು, ಜವಾನ ಅದನ್ನು ಗಿಣಿಪಾಠ ಒಪ್ಪಿಸಬೇಕು.

ಇನ್ನು ಕೋರ್ಟು ಅಂದರೆ ಅವನ ಕಮಾಂಡಿಂಗ್ ಆಫೀಸರ್, ಒಬ್ಬರೇ. ಜೊತೆಗೆ ಇಬ್ಬರು ಕಡೆತನಕ ಕೂತಿರುತ್ತಾರೆ, ಅವರಿಗೆ ಪ್ರಮಾಣವಚನವೂ ಇಲ್ಲ, ತೀರ್ಪಿನಲ್ಲಿ ಮಾತೂ ಇಲ್ಲ. ಮದುವೆಗೆ ಬಂದ ದೂರದ ನೆಂಟರು. ಆ ಕಮಾಂಡಿಂಗ್ ಆಫೀಸರ್ ಲೆಫ್ಟಿನೆಂಟ್ ಕರ್ನಲ್ ಆಗಿದ್ದರೆ ವರ್ಷದವರೆಗೆ ಜೈಲು ಕೊಡಬಹುದು, ನೌಕರಿಯಿಂದ ವಜಾ ಮಾಡಬಹುದು. ಅಧಿಕಾರಿಗಳನ್ನು, ಜೆಸಿಓಗಳನ್ನು (ಜೂನಿಯರ್ ಕಮಿಷನ್ಡ್ ಆಫೀಸರುಗಳನ್ನು) ಈ ಕೋರ್ಟಿಗೆ ಎಳೆಯುವಂತಿಲ್ಲ. ಇದು ಕೆಳಗಿನವರಿಗೆಂದೇ ಕಾದಿರಿಸಿದ ಸವಲತ್ತು.

ರಂಜಿತ್ ಠಾಕೂರ್ ಪ್ರಕರಣ ನೋಡಿ. ತನಗೆ ಕಿರುಕುಳವಾಗುತ್ತಿದೆ ಎಂದು ಕಮಾಂಡಿಂಗ್ ಆಫೀಸರ್ ಮೇಲೆ ನೇರ ಮೇಲಿನವರಿಗೇ ದೂರು ಬರೆದದ್ದಕ್ಕೆ ಈ ಸಿಗ್ನಲ್‌ಮನ್‌ಗೆ 28 ದಿನ ಶಿಕ್ಷೆಯಾಯಿತು. ಕ್ವಾರ್ಟರ್ ಗಾರ್ಡಿನಲ್ಲಿ, ಅಂದರೆ ಪಡೆಯ ಲಾಕಪ್ಪಿನಲ್ಲಿದ್ದಾಗ, 1985ರ ಮೇ 29ರಂದು, ಸುಬೇದಾರರು ಊಟ ಮಾಡು ಅಂದರು, ಮಾಡಲಿಲ್ಲ. ಆಜ್ಞಾಭಂಗ! (ಈ ಲೆಕ್ಕದಲ್ಲಿ ನಮ್ಮಮ್ಮ ನನ್ನನ್ನು ಜೀವಾವಧಿಗೆ ಕಳಿಸಬೇಕಿತ್ತು.) ಮರುದಿನವೇ ವಿಚಾರಣೆ. ನ್ಯಾಯಪೀಠದಲ್ಲಿ ಯಾರು? ಯಾರ ಮೇಲೆ ದೂರು ಕೊಟ್ಟಿದ್ದನೋ ಅವರೇ. ಒಂದು ತುತ್ತಿಗೆ ಒಂದು ವರ್ಷ ಕಠಿಣ ಸಜೆ, ವಜಾ. 1987ರಲ್ಲಿ ಸುಪ್ರೀಂ ಕೋರ್ಟು ಇದನ್ನು ಕಿತ್ತೆಸೆಯಿತು. ಆತ್ಮಸಾಕ್ಷಿಯೇ ಬೆಚ್ಚುವಷ್ಟು ಅತಿಯಾದ ಶಿಕ್ಷೆ ಎಂದು ತೀರ್ಪು ಬರೆದವರು ನಮ್ಮ ಬೆಂಗಳೂರಿನ ಎಂ.ಎನ್. ವೆಂಕಟಾಚಲಯ್ಯನವರು.

ಕೋರ್ಟ್ ಮಾರ್ಷಲ್ ಮೇಲೆ ಒಂದೂ ಅಪೀಲಿಲ್ಲವಲ್ಲ ಎಂದು ಅದೇ ಸುಪ್ರೀಂ ಕೋರ್ಟು 1982ರಲ್ಲೇ ಮರುಗಿತ್ತು. ಸರ್ಕಾರದ ಕಿವಿಗೆ ಅದು ಬಿದ್ದು ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕಾಯ್ದೆ ಆದದ್ದು 2007ರಲ್ಲಿ. ಫತೇ ದರ್ವಾಜೆಗಿಂತ ಕೊಂಚ ನಿಧಾನ. ಹೈದರಾಬಾದಿನವರ ಪೀಠ ಚೆನ್ನೈಯಲ್ಲಿ. ಕರ್ನಾಟಕಕ್ಕೆ ಕೊಚ್ಚಿ, ಬೀದರಿನವರೂ ಅಲ್ಲಿಗೇ ಹೋಗಲಿ. ಆ ಬಾಗಿಲು ಕೂಡ ಸಮರಿಯಲ್ಲಿ ವಜಾ ಆದವರಿಗೆ, ಇಲ್ಲವೇ ಮೂರು ತಿಂಗಳಿಗೆ ಮೀರಿ ಜೈಲಾದವರಿಗೆ ಮಾತ್ರ. ಅದಕ್ಕಿಂತ ಕಡಿಮೆ ಸಿಕ್ಕಿತೋ, ಪಾಪ, ಮೇಲ್ಮನವಿಗೆ ಯೋಗ್ಯತೆ ಸಾಲದು.

ಅಂದಹಾಗೆ, ಇದೇ ಹೈದರಾಬಾದಿನ ಅಂಚಿನಲ್ಲಿ ದುಂಡಿಗಲ್ ಇದೆ, ವಾಯುಪಡೆಯ ಅಕಾಡೆಮಿ. ವಾಯುಪಡೆಯ ಕಾಯ್ದೆಯಲ್ಲಿ ಸಮರಿ ಕೋರ್ಟ್ ಮಾರ್ಷಲ್ ಎಂಬುದೇ ಇಲ್ಲ. ಆದರೂ ಅಲ್ಲಿನ ವಿಮಾನಗಳು ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ನಮ್ಮ ತಾರಸಿಯ ಮೇಲೆ ಹಾಯುತ್ತವೆ, ಸಾಲು ತಪ್ಪದೆ.