ಹಳೇ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್: ಬಳಕೆದಾರರ ಕೈಪಿಡಿ (ಹಿರೇಕೆರೂರು ಆವೃತ್ತಿ)

ಮೊದಲು ಇದನ್ನು ಓದಿ

ಗೋವಿನಜೋಳ ಮಾರಿದ ದುಡ್ಡಿನಲ್ಲಿ ಆರು ಸಾವಿರವನ್ನು "ಓದಾಕ ಬೇಕವ್ವಾ" ಎಂದು ಇಸಕೊಂಡವರಿಗಾಗಿ ಈ ಕೈಪಿಡಿ. ಐವತ್ತು ಸಾವಿರ ಇರುವವರಿಗೆ ಕೈಪಿಡಿ ಬೇಡ. ಅಂಗಡಿಯವರೇ ಎದ್ದು ಕುರ್ಚಿ ಹಾಕುತ್ತಾರೆ.

ಹಿರೇಕೆರೂರಿನಲ್ಲಿ ಸಲಹೆಗೆ ಬರವಿಲ್ಲ. ಸರ್ವಜ್ಞನ ಊರೆಂದು ಹೆಸರಾದ ಅಬಲೂರು ನಮ್ಮ ಮಗ್ಗುಲಲ್ಲೇ ಇದೆ. ಆ ಗಾಳಿಯೋ ಏನೋ, ಕಂಪ್ಯೂಟರಿನ ಮುಚ್ಚಳ ತೆಗೆದಿಟ್ಟರೆ ಸಾಕು, ಚಹಾಕ್ಕೆ ಬಂದವರೆಲ್ಲ ಸರ್ವಜ್ಞರಾಗುತ್ತಾರೆ. ಚಹಾ ಕೊಡಿ, ಸಲಹೆ ಕೇಳಿಸಿಕೊಳ್ಳಿ, ಮುಚ್ಚಳ ಹಾಕಿ.

ಬೇಕಾಗುವ ಸಾಮಗ್ರಿ

ಸ್ಟಾರ್ ಸ್ಕ್ರೂಡ್ರೈವರ್ ಒಂದು. ಅಳತೆ ಟೇಪು ಒಂದು, ದರ್ಜಿಯದಾದರೂ ನಡೆದೀತು. ಹಳೇ ಬನಿಯನ್ ಒಂದು. ದನದ ಸಂತೆಯಲ್ಲಿ ಎತ್ತು ಕೊಂಡ ಅನುಭವವಿರುವ ಹಿರಿಯರು ಒಬ್ಬರು. ಈ ಕೊನೆಯ ಸಾಮಗ್ರಿ ಅಂಗಡಿಯಲ್ಲಿ ಸಿಗುವುದಿಲ್ಲ. ನಮ್ಮ ಮನೆಯಲ್ಲಿ ಅಪ್ಪ ಇದ್ದರು.

ಹಂತ 1: ಮೇವಿನ ಲೆಕ್ಕ

ನಮ್ಮಕ್ಕನ ಮಗನ ಕಂಪ್ಯೂಟರು ಯಾವುದೋ ಕಚೇರಿಯಲ್ಲಿ ಸೇವೆ ಮುಗಿಸಿ ಬಂದದ್ದು. ಐ5-2400 ಪ್ರೊಸೆಸರ್, 2011ರ ಹುಟ್ಟು. ಮೊದಲು ಪ್ಲಗ್ ಕೀಳಿ, ಆಮೇಲೆ ಮುಚ್ಚಳ ಬಿಚ್ಚಿ. ಒಳಗೆ ಹತ್ತಿ ಜಿನ್ನಿನಷ್ಟು ಧೂಳಿರುತ್ತದೆ. ಬನಿಯನ್ ಹೇಳಿದ್ದು ಅದಕ್ಕೇ.

ಕರೆಂಟು ಹಂಚುವ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್, ಅದರ ಮೇಲಿನ ಚೀಟಿ ಹುಡುಕಿ. ನಮ್ಮದರಲ್ಲಿ ಹೆಬ್ಬೆರಳು ಗಾತ್ರದಲ್ಲಿ 450 ಎಂದಿತ್ತು. "ಮಾಮಾ, 450 ವ್ಯಾಟ್ ಐತಿ! ಎಂಥಾ ಕಾರ್ಡರ ಹಾಕೋಬಹುದು" ಎಂದು ಹುಡುಗ ಕುಣಿದ. ಬನಿಯನ್ನಿನಿಂದ ಇನ್ನೊಮ್ಮೆ ಒರೆಸಿದೆ. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ, 12 ವೋಲ್ಟಿನ ಎದುರಿಗೆ 16 ಆಂಪಿಯರ್. ಗುಣಿಸಿದರೆ 192 ವ್ಯಾಟ್. ಪ್ರೊಸೆಸರೂ ಕಾರ್ಡೂ ಉಣ್ಣಬೇಕಾದ್ದು ಇದೇ ಕಣಜದಿಂದ. ಈ ಐ5ರ ಹೊಟ್ಟೆಗೇ 95 ಬೇಕು. ಉಳಿದದ್ದು 97, ಅದರಲ್ಲೇ ಫ್ಯಾನು, ಹಾರ್ಡ್ ಡಿಸ್ಕು ಎಲ್ಲ.

ಮದರ್‌ಬೋರ್ಡಿನ ಉದ್ದನೆಯ ಸ್ಲಾಟು ಕಾರ್ಡಿಗೆ 75 ವ್ಯಾಟಿನವರೆಗೆ ಕೊಡುತ್ತದೆ. ಅದಕ್ಕಿಂತ ಹಸಿವಿರುವ ಕಾರ್ಡಿಗೆ ಆರು ಅಥವಾ ಎಂಟು ಪಿನ್ನಿನ ಬೇರೆ ವೈರು ಬೇಕು. ಆದ್ದರಿಂದ ನಿಯಮ: ಬೇರೆ ವೈರು ಕೇಳುವ ಕಾರ್ಡನ್ನು ಮನೆಗೆ ತರಬೇಡಿ. 185 ವ್ಯಾಟಿನ ಆರ್‌ಎಕ್ಸ್ 580 ಅಗ್ಗಕ್ಕೆ ಸಿಕ್ಕಿತೆಂದು ತಂದರೆ, ಅದರ ಮೇವಿಗೆಂದು ಇನ್ನೊಂದು ಎಸ್‌ಎಂಪಿಎಸ್ ತರಬೇಕಾಗುತ್ತದೆ.

ಹಂತ 2: ಜೋಡಿ ನೋಡುವುದು

ಇಲ್ಲಿ ಹಿರಿಯರನ್ನು ಬಳಸಿ. ಹುಡುಗ ಫೋನಿನಲ್ಲಿ ದೊಡ್ಡದೊಂದು ಹೊಸ ಕಾರ್ಡು ತೋರಿಸಿದ. ಅಪ್ಪ ಕನ್ನಡಕ ಏರಿಸಿ ನೋಡಿ ಅಂದರು: "ಮುದಿ ಎತ್ತಿನ ಜೋಡಿ ಹರೇದ ಹೋರಿ ಹೂಡಿದ್ರ ಗಳೆ ಸೊಟ್ಟ ಹೋಗತೈತೋ ತಮ್ಮಾ." ಬಾಟಲ್‌ನೆಕ್ ಎಂದು ಎರಡು ತಾಸು ವಿಡಿಯೋ ನೋಡಿ ಕಲಿತದ್ದು ಒಂದು ಮಾತಿನಲ್ಲಿ ಮುಗಿಯಿತು. ಪ್ರೊಸೆಸರು ಎಷ್ಟು ಎಳೆದೀತೋ ಕಾರ್ಡೂ ಅಷ್ಟೇ ಎಳೆಯುವುದು.

ಸಂತೆಯಲ್ಲಿ ನಿಂತವು ಇವು:

ಜಿಟಿ 710: ಬಡಪಾಯಿ. ಕೆಪ್ಲರ್ ಎಂಬ 2012ರ ತಳಿ; ಹೊಸ ಆಟಗಳಿಗೆ ಡ್ರೈವರ್ ಕೊಡುವುದನ್ನು 2021ರಲ್ಲೇ ನಿಲ್ಲಿಸಿದರು. ಪರದೆ ಬೆಳಗೀತು, ಆಟ ಓಡದು.

ಜಿಟಿಎಕ್ಸ್ 750 ಟಿಐ: 2014, 60 ವ್ಯಾಟ್. ಮುದಿಯಾದರೂ ಕಷ್ಟಸಹಿಷ್ಣು.

ಜಿಟಿಎಕ್ಸ್ 1050 ಟಿಐ: 2016, 4 ಜಿಬಿ, 75 ವ್ಯಾಟ್. ನಮ್ಮ ನೊಗಕ್ಕೆ ಸರಿಜೋಡಿ. ಬೇರೆ ವೈರು ಬೇಡದ್ದನ್ನೇ ಆರಿಸಿ. ಕೆಲವು ಕಂಪನಿಯವು ಕೇಳುತ್ತವೆ.

ಜಿಟಿಎಕ್ಸ್ 1650: 2019. ಇನ್ನೂ ಚುರುಕು. ಆರು ಸಾವಿರಕ್ಕೆ ಸಿಕ್ಕರೆ ದೇವರ ದಯೆ.

ಆರ್‌ಎಕ್ಸ್ 6400: 2022, 53 ವ್ಯಾಟ್. ಕೇಳಲು ಚಂದ. ಆದರೆ ಮಾಹಿತಿ ಸಾಗುವ 16 ಸಾಲಿನ ಸ್ಲಾಟಿನಲ್ಲಿ ನಾಲ್ಕೇ ಸಾಲು ಬಳಸುತ್ತದೆ. ಹೊಸ ಬೋರ್ಡಿನಲ್ಲಿ ಆ ನಾಲ್ಕೇ ಹೆದ್ದಾರಿ. 2011ರ ಬೋರ್ಡಿನಲ್ಲಿ ಹೊಲದ ದಾರಿ.

ಎಚ್ಚರಿಕೆ: ಬಣ್ಣದ ದೀಪ ಮಿನುಗುವ ಫ್ಯಾನಿಗೆ ಮರುಳಾಗಬೇಡಿ. ಹೋರಿ ಹಬ್ಬ ನೋಡಿದ ಊರಿನವರಿಗೆ ಇದನ್ನು ಹೇಳಬೇಕಿಲ್ಲ. ಬಲೂನು, ರಿಬ್ಬನ್ನು, ಕೊಬ್ಬರಿ ಹಾರ ಎಲ್ಲ ನೋಡುವವರ ಕಣ್ಣಿಗೆ. ಓಡುವುದು ಕಾಲು.

ಹಂತ 3: ಹಲ್ಲು ಎಣಿಸುವುದು

ಹಳೇ ಕಾರ್ಡು ಕೊಳ್ಳುವಾಗ ಹೆಸರು ಕೇಳಬೇಡಿ, ಬಾಯಿ ತೆಗೆಸಿ. ಬಿತ್ತನೆ ಬೀಜದ ಪಾಕೀಟಿನಲ್ಲಿ ಮೋಸ ಕಂಡವರು ನಾವು. ಜಿಟಿ 1030 ಎಂಬ ಒಂದೇ ಹೆಸರಿನಲ್ಲಿ ಎರಡು ಕಾರ್ಡಿವೆ: 2017ರ ಜಿಡಿಡಿಆರ್5 ಸೆಕೆಂಡಿಗೆ 48 ಜಿಬಿ ಸಾಗಿಸಿದರೆ, 2018ರ ಡಿಡಿಆರ್4 ಸಾಗಿಸುವುದು 17ಕ್ಕೂ ಕಡಿಮೆ. ಹೊರಗೆ ನೋಡಲು ಅವಳಿ ಜವಳಿ. ಇನ್ನು ಹತ್ತು ವರ್ಷ ದಾಟಿದ ಮುದಿ ಕಾರ್ಡಿಗೆ 1050 ಟಿಐ ಎಂದು ಸುಳ್ಳು ಹೆಸರಿಟ್ಟು ಮಾರುವವರೂ ಇದ್ದಾರೆ. ಜಿಪಿಯು-ಝಡ್ ಎಂಬ ಪುಕ್ಕಟೆ ತಂತ್ರಾಂಶ ಇಂಥ ಎಷ್ಟೋ ಕಳ್ಳರನ್ನು ಗುರುತಿಸುತ್ತದೆ. ಮಾರುವವನು ಅದನ್ನು ಓಡಿಸಿ ತೋರಿಸಲು ಮೀನಮೇಷ ಎಣಿಸಿದರೆ ಬಸ್ ಸ್ಟ್ಯಾಂಡಿನ ದಾರಿ ಹಿಡಿಯಿರಿ.

"ಮೈನಿಂಗ್ ಮಾಡಿದ್ದಲ್ರೀ" ಎಂದು ಎಲ್ಲರೂ ಹೇಳುತ್ತಾರೆ. ಇಥೀರಿಯಮ್ ಎಂಬ ಕ್ರಿಪ್ಟೋ ನಾಣ್ಯವು ಕಾರ್ಡುಗಳಿಂದ ಮೈನಿಂಗ್ ಮಾಡಿಸುವ ಪದ್ಧತಿಯನ್ನು 2022ರ ಸೆಪ್ಟೆಂಬರ್ 15ರಂದು ಕೈಬಿಟ್ಟಿತು. ಆ ದಿನ ಕೆಲಸ ಕಳೆದುಕೊಂಡ ಎಷ್ಟೋ ಕಾರ್ಡುಗಳು ಸಂತೆಗೆ ಬಂದವು. ಹಗಲೂ ರಾತ್ರಿ ದುಡಿದ ಎತ್ತೆಂದು ಬಿಡಬೇಕಿಲ್ಲ. ಅರ್ಧ ತಾಸು ಆಟ ಓಡಿಸಿ, ಫ್ಯಾನಿನ ಸದ್ದು ಕೇಳಿ, ಕೊಳ್ಳಿ.

ಹಂತ 4: ಕಟ್ಟುವುದು

ಟೇಪು ತೆಗೆಯಿರಿ. ಕಚೇರಿಯಿಂದ ಬಂದ ತೆಳು ಡಬ್ಬಿಯಾದರೆ ಗಿಡ್ಡ ಪಟ್ಟಿಯ ಲೋ ಪ್ರೊಫೈಲ್ ಕಾರ್ಡೇ ಬೇಕು. ಮಾನಿಟರಿನ ಹಿಂದೆ ನೀಲಿ ವಿಜಿಎ ಬಾಯಿ ಮಾತ್ರ ಇದ್ದರೆ, 1050 ಟಿಐ ಅದರೊಂದಿಗೆ ನೇರ ಮಾತಾಡುವುದಿಲ್ಲ. ನಡುವೆ ಎಚ್‌ಡಿಎಂಐನಿಂದ ವಿಜಿಎಗೆ ತಿರುಗಿಸುವ ಕನ್ವರ್ಟರ್ ಎಂಬ ದಲ್ಲಾಳಿ ಬೇಕು. ದಲ್ಲಾಳಿಯ ಕಮಿಷನ್ನನ್ನೂ ಆರು ಸಾವಿರದಲ್ಲೇ ಹಿಡಿಯಿರಿ.

ದೋಷ ಮತ್ತು ಪರಿಹಾರ

ದೋಷ: ಪರದೆ ಕಪ್ಪು. ಪರಿಹಾರ: ಕೇಬಲ್ಲನ್ನು ಅಭ್ಯಾಸಬಲದಿಂದ ಮದರ್‌ಬೋರ್ಡಿಗೇ ಚುಚ್ಚಿದ್ದೀರಿ. ಕಾರ್ಡಿಗೆ ಚುಚ್ಚಿ. (ನಾವು ಇದನ್ನು ಕಂಡುಕೊಳ್ಳಲು ಒಂದು ಸಂಜೆ ಹಿಡಿಯಿತು.)

ದೋಷ: ಪರದೆ, ಫ್ಯಾನು, ಓಣಿ ಎಲ್ಲ ಕಪ್ಪು. ಪರಿಹಾರ: ಕರೆಂಟು ಹೋಗಿದೆ. ಓದಿಕೊಳ್ಳಿ, ದುಡ್ಡು ಇಸಕೊಂಡದ್ದು ಅದಕ್ಕೇ.

ದೋಷ: ಆಟ ಚೆನ್ನಾಗಿದೆ, ಅಂಕ ಚೆನ್ನಾಗಿಲ್ಲ. ಪರಿಹಾರ: ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

ವಾರಂಟಿ

ಕೈಪಿಡಿಗೆ ಇಲ್ಲ. ತೀರ್ಪು ಮಾತ್ರ ಇದೆ: ಇಂಥ ಯಂತ್ರಕ್ಕೆ 75 ವ್ಯಾಟಿನೊಳಗಿನ ಒಂದು ಕಾರ್ಡು ಹಾಕಿ, ಅಲ್ಲಿಗೆ ಕೈ ತೊಳೆದುಕೊಳ್ಳಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಒಪ್ಪುವ ಪ್ರೊಸೆಸರುಗಳ ಪಟ್ಟಿಯಲ್ಲಿ ಈ ಐ5 ಇಲ್ಲ. ಈ ಮುದಿ ಮೈಗೆ ಇನ್ನೂ ದುಡ್ಡು ಸುರಿಯಬೇಡಿ. ಕಾರ್ಡನ್ನಾದರೆ ನಾಳೆ ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಹಾಕಬಹುದು. ಅದಕ್ಕೇ ಬಿಲ್ಲನ್ನೂ ಡಬ್ಬಿಯನ್ನೂ ಜೋಪಾನ ಮಾಡಿ. ಬಿಲ್ಲು ಮಾತ್ರ ಅವ್ವನ ಕೈಗೆ ಸಿಗದ ಜಾಗದಲ್ಲಿರಲಿ.