‘ನನ್ನಿಂದ ಒಂದು ಫೈಲೂ ಕೆಟ್ಟಿಲ್ಲ’: ಹುಸಿ ಕ್ಯಾಶ್ ಚಿಪ್‌ನೊಂದಿಗೆ ಸಂದರ್ಶನ

1990ರ ದಶಕದ ನಡುವಿನಲ್ಲಿ ಮಾರಾಟವಾದ ಕೆಲವು ಅಗ್ಗದ 486 ಮದರ್‌ಬೋರ್ಡ್‌ಗಳ ಮೇಲೆ ಒಂದು ವಿಶೇಷ ತಳಿಯ ಚಿಪ್‌ಗಳಿದ್ದವು. ಬೆನ್ನ ಮೇಲೆ ‘ರೈಟ್ ಬ್ಯಾಕ್’ ಎಂಬ ಅಚ್ಚು, ಒಳಗೆ ಬರೀ ಪ್ಲಾಸ್ಟಿಕ್. ಕಾಲುಗಳಿಗೆ ಬೆಸುಗೆ ಅಚ್ಚುಕಟ್ಟಾಗಿ ಬಿದ್ದಿತ್ತು, ಆದರೆ ಅಲ್ಲಿಂದ ಪ್ರೊಸೆಸರ್‌ಗೆ ಹೋಗುವ ದಾರಿಯೇ ಇರಲಿಲ್ಲ. ಕಂಪ್ಯೂಟರ್ ಆನ್ ಮಾಡಿದಾಗ ಬಯೋಸ್ ಮಾತ್ರ ‘256ಕೆ ಕ್ಯಾಶ್’ ಎಂದು ಪರದೆಯ ಮೇಲೆ ಸಾಕ್ಷಿ ನುಡಿಯುತ್ತಿತ್ತು. ಹಳೆಯ ಯಂತ್ರಗಳಲ್ಲಿ ಪ್ರೊಸೆಸರ್‌ಗೂ ಮದರ್‌ಬೋರ್ಡಿಗೂ ನಡುವೆ ಏಳುವ ಕ್ಯಾಶ್ ತಕರಾರುಗಳನ್ನು ಬಿಡಿಸಿ ಹೇಳಲು ತಕ್ಕ ಅಧಿಕಾರಿ ಸಿಕ್ಕರೆಂದು ಅಂಥ ಒಬ್ಬರನ್ನು ಮಾತಿಗೆಳೆದೆವು.

ನಿಮ್ಮ ಹುದ್ದೆಯ ಕರ್ತವ್ಯವೇನು?

ಪ್ರೊಸೆಸರ್ ಅವಸರದ ಆಸಾಮಿ, ಮುಖ್ಯ ಮೆಮೊರಿ ನಿಧಾನಸ್ಥ. ಡಿ-ರ‍್ಯಾಮ್ ಉತ್ತರ ಕೊಡಲು 60–70 ನ್ಯಾನೋಸೆಕೆಂಡ್ ತೆಗೆದುಕೊಂಡರೆ ನಮ್ಮ ಎಸ್-ರ‍್ಯಾಮ್ ಕುಲದವರಿಗೆ 15–20 ಸಾಕು. ಪದೇ ಪದೇ ಬೇಕಾಗುವುದನ್ನು ಹತ್ತಿರ ಇಟ್ಟುಕೊಂಡು ಕೇಳಿದ ಕೂಡಲೇ ಕೊಡುವುದು ನಮ್ಮ ಕೆಲಸ. 32 ಕೆಬಿಯ ಎಂಟು ಚಿಪ್ ಸೇರಿದರೆ 256 ಕೆಬಿ. ಯಾವ ವಿಳಾಸದ ಮಾಹಿತಿ ಎಲ್ಲಿದೆ ಎಂದು ಲೆಕ್ಕ ಇಡಲು ಟ್ಯಾಗ್ ಚಿಪ್ ಬೇರೆ. ಖರ್ಚು ಮಾತ್ರ ಜಾಸ್ತಿ. ಡಿ-ರ‍್ಯಾಮ್‌ನ ಒಂದು ಬಿಟ್ಟಿಗೆ ಒಂದು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್ ಆದರೆ ನಮಗೆ ಸಾಮಾನ್ಯವಾಗಿ ಆರು ಟ್ರಾನ್ಸಿಸ್ಟರ್. ನನ್ನನ್ನು ತಯಾರಿಸಿದವರು ಮಿತವ್ಯಯಿಗಳು. ಆರರಲ್ಲಿ ಆರನ್ನೂ ಉಳಿಸಿದರು.

ಕೆಲಸವನ್ನೇ ಮಾಡದೆ ಸಿಕ್ಕಿಬೀಳದೆ ಉಳಿದದ್ದು ಹೇಗೆ?

ಹಾಜರಿ ಪುಸ್ತಕದಲ್ಲಿ ಸಹಿ ಬೀಳುತ್ತಿದ್ದರೆ ಕುರ್ಚಿ ಖಾಲಿಯೇ ಎಂದು ಯಾರು ನೋಡುತ್ತಾರೆ? ನನ್ನ ಸಹಿಯನ್ನು ಬಯೋಸೇ ಹಾಕುತ್ತಿತ್ತು. 1989ರಲ್ಲಿ ಬಂದ 486 ತನ್ನೊಳಗೇ 8 ಕೆಬಿ ಕ್ಯಾಶ್ ಹೊತ್ತು ತಂದಿತ್ತು, ಹಾಗಾಗಿ ನಾನಿಲ್ಲದೆಯೂ ಯಂತ್ರ ಓಡುತ್ತಿತ್ತು, ಕೊಂಚ ಏದುಸಿರು ಬಿಡುತ್ತ. ಹೋಲಿಸಿ ನೋಡಲು ಕೊಂಡವರ ಮನೆಯಲ್ಲಿ ಎರಡನೆಯ ಯಂತ್ರ ಇರುತ್ತಿರಲಿಲ್ಲ. ಮತ್ತೊಂದು ಮಾತು ಬರೆದುಕೊಳ್ಳಿ: ನನ್ನಿಂದ ಇವತ್ತಿನವರೆಗೆ ಒಂದು ಫೈಲೂ ಕೆಟ್ಟಿಲ್ಲ. ಡೇಟಾ ಕೆಡಿಸಿದವರೆಲ್ಲ ನಿಜವಾಗಿ ಕೆಲಸ ಮಾಡುವವರು.

ಅದು ಗಂಭೀರ ಆರೋಪ. ಪುರಾವೆ ಇದೆಯೇ?

ಇದೆ. 1995ರ ಎಎಂಡಿ 5x86 ನೋಡಿ. ಒಳಗೆ 16 ಕೆಬಿ ಕ್ಯಾಶ್, ಅದೂ ರೈಟ್ ಬ್ಯಾಕ್ ಬಗೆಯದು. ಬರೆದದ್ದನ್ನು ತನ್ನಲ್ಲೇ ಇಟ್ಟುಕೊಂಡು, ಪುರುಸೊತ್ತಾದಾಗ ಮೆಮೊರಿಗೆ ತಲುಪಿಸುತ್ತದೆ. ಇದನ್ನು ಅರಿಯದ ಹಳೆಯ ಬೋರ್ಡಿನಲ್ಲಿ ಕೂರಿಸಿದರೆ ಫ್ಲಾಪಿಗೆ ಕಾಪಿ ಮಾಡಿದ ಫೈಲ್ ಹಾಳು. ಫ್ಲಾಪಿಯ ವ್ಯವಹಾರ ಡಿಎಂಎ ಮೂಲಕ. ಅದು ಪ್ರೊಸೆಸರನ್ನು ಕೇಳದೆ ನೇರ ಮೆಮೊರಿಗೆ ಹೋಗುತ್ತದೆ, ಅಲ್ಲಿ ಇನ್ನೂ ಹಳೆಯ ಮಾಹಿತಿಯೇ ಇರುತ್ತದೆ. ನಾನಾಗಿದ್ದರೆ ಇಂಥ ಅನಾಹುತ ಆಗುತ್ತಿತ್ತೇ?

ಆಗುತ್ತಿರಲಿಲ್ಲ, ಆದರೆ ನಿಮ್ಮ ಪುರಾವೆ ನಿಮಗೇ ತಿರುಗುತ್ತದೆ. ಅದೇ ಯಂತ್ರದಲ್ಲಿ ಹಾರ್ಡ್ ಡಿಸ್ಕ್ ಸರಿಯಾಗಿರುತ್ತದೆ, ಏಕೆಂದರೆ ಆ ಕಾಲದ ಪಿಐಒ ಪದ್ಧತಿಯಲ್ಲಿ ಡಿಸ್ಕಿನ ಪ್ರತಿ ಬೈಟೂ ಪ್ರೊಸೆಸರ್ ಕೈ ದಾಟಿಯೇ ಹೋಗಬೇಕು. ಹಾರ್ಡ್ ಡಿಸ್ಕ್ ಚೆನ್ನಾಗಿದ್ದು ಫ್ಲಾಪಿ ಮಾತ್ರ ಕೆಟ್ಟರೆ ದೋಷ ಎಲ್ಲಿದೆಯೆಂದು ಆ ವ್ಯತ್ಯಾಸವೇ ಬೆರಳು ತೋರಿಸುತ್ತದೆ. ಜಂಪರ್ ಬದಲಿಸಿ ರೈಟ್ ಥ್ರೂ ಮಾಡಿ, ಬರೆದದ್ದೆಲ್ಲ ಆಗಿಂದಾಗಲೇ ಮೆಮೊರಿಗೂ ಹೋಗುವಂತೆ ಮಾಡಿದರೆ ತಕರಾರು ತೀರುತ್ತದೆ; ವೇಗ ಸ್ವಲ್ಪ ತಗ್ಗಬಹುದು, ಅಷ್ಟೇ. ದುಡಿಯುವ ಭಾಗ ತಪ್ಪು ಮಾಡಿದರೆ ಗುರುತು ಉಳಿಯುತ್ತದೆ, ಗುರುತು ಹಿಡಿದು ತಿದ್ದಬಹುದು. ನಿಮ್ಮದರಲ್ಲಿ ತಪ್ಪಿಲ್ಲದಿರುವುದಕ್ಕೆ ಕಾರಣ ಕೆಲಸವಿಲ್ಲದಿರುವುದು.

ಒಪ್ಪಿದೆ ಎಂದೇ ಇಟ್ಟುಕೊಳ್ಳಿ. ಆದರೆ ನಿಮ್ಮ ಪ್ರಾಮಾಣಿಕರು ಎಲ್ಲ ಕಡೆ ದುಡಿಯುತ್ತಾರೆಂದು ಯಾರು ಹೇಳಿದರು? 1997ರ ಇಂಟೆಲ್ 430ಟಿಎಕ್ಸ್ ಚಿಪ್‌ಸೆಟ್ಟಿನ ಬೋರ್ಡಿನಲ್ಲಿ ಕ್ಯಾಶ್ ಅಸಲಿ, ಬಯೋಸ್ ಹೇಳುವುದೂ ನಿಜ. ಆದರೂ ಅದರ ಅಧಿಕಾರ ವ್ಯಾಪ್ತಿ ಮೊದಲ 64 ಎಂಬಿಗೆ ಸೀಮಿತ. ವಿಂಡೋಸ್ 95 ಮೆಮೊರಿಯ ಮೇಲ್ತುದಿಯಿಂದ ಜಾಗ ಹಿಡಿಯುವ ಗಿರಾಕಿ. ವೇಗ ಹೆಚ್ಚಲೆಂದು 128 ಎಂಬಿ ಹಾಕಿಸಿದವರ ಯಂತ್ರ ಮೊದಲಿಗಿಂತ ನಿಧಾನವಾದದ್ದುಂಟು. ಅಲ್ಲಿ ಅಸಲಿಗೂ ನನಗೂ ಏನು ವ್ಯತ್ಯಾಸ?

ಇದಕ್ಕೆ ತೂಕವಿದೆ, ನಮ್ಮ ವಾದಕ್ಕೂ ಇದೇ ಬೇಕಿತ್ತು. ಚಿಪ್ ಅಸಲಿಯೋ ನಕಲಿಯೋ ಎಂದು ಕೇಳುವುದರಲ್ಲೇ ನಿಂತರೆ ಅರ್ಧ ತನಿಖೆ ಆದಂತೆ. ಅದು ಯಾರಿಗಾಗಿ, ಎಷ್ಟರವರೆಗೆ, ಯಾವ ನಿಯಮದ ಮೇಲೆ ದುಡಿಯುತ್ತಿದೆ ಎಂಬುದೇ ಪೂರ್ತಿ ಪ್ರಶ್ನೆ. ನಿಮ್ಮದು ಮೊದಲ ಮೆಟ್ಟಿಲಲ್ಲೇ ಮುಗ್ಗರಿಸುತ್ತದೆ, 5x86 ನಿಯಮದಲ್ಲಿ, 430ಟಿಎಕ್ಸ್ ವ್ಯಾಪ್ತಿಯಲ್ಲಿ. ಕೊನೆಯದಕ್ಕೆ 1999ರ ಕೆ6-3 ಪ್ರೊಸೆಸರ್ ಉತ್ತರ ತಂದಿತು: ತನ್ನೊಳಗೇ 256 ಕೆಬಿಯ ಎರಡನೇ ಹಂತದ ಕ್ಯಾಶ್ ಇದ್ದುದರಿಂದ ಬೋರ್ಡಿನ ಮಿತಿ ಅದನ್ನು ಅಷ್ಟಾಗಿ ಕಟ್ಟಿಹಾಕಲಿಲ್ಲ, ಬೋರ್ಡಿನ ಕ್ಯಾಶ್ ಮೂರನೇ ಹಂತಕ್ಕೆ ಇಳಿಯಿತು. ಈ ಮೂರರಲ್ಲಿ ಯಾವುದೂ ಅಚ್ಚು ಓದಿದರೆ ತಿಳಿಯುವಂಥದಲ್ಲ. ಹಾಗಾದರೆ ನೀವು ಹೆದರುವುದು ಯಾವುದಕ್ಕೆ?

ಗಡಿಯಾರಕ್ಕೆ. ಡಾಸ್‌ನಲ್ಲಿ ಕ್ಯಾಶ್‌ಚೆಕ್ ಎಂಬ ಪುಟ್ಟ ಪ್ರೋಗ್ರಾಂ ಇದೆ. ಚಿಕ್ಕ ತುಂಡಿನಿಂದ ಶುರುಮಾಡಿ ದೊಡ್ಡ ದೊಡ್ಡ ತುಂಡು ಮೆಮೊರಿ ಓದುತ್ತ ಸಮಯ ಅಳೆಯುತ್ತದೆ. ನೆಟ್ಟಗಿರುವ 486ರಲ್ಲಿ ವೇಗ 8 ಕೆಬಿ ದಾಟಿದಾಗ ಒಂದು ಮೆಟ್ಟಿಲು ಇಳಿಯುತ್ತದೆ, 256 ದಾಟಿದಾಗ ಇನ್ನೊಂದು. ನನ್ನ ಬೋರ್ಡಿನಲ್ಲಿ 8 ದಾಟಿದೊಡನೆ ನೇರ ತಳಕ್ಕೇ ಬೀಳುತ್ತದೆ. ಬಯೋಸ್‌ನಲ್ಲಿ ಹೊರಗಿನ ಕ್ಯಾಶ್ ಆಫ್ ಮಾಡಿ ಮತ್ತೆ ಅಳೆಯುವುದು ಇನ್ನೂ ಕ್ರೂರ. ಆಫ್ ಮಾಡಿದಾಗ ಯಂತ್ರ ನಿಧಾನವಾದರೆ ಕ್ಯಾಶ್ ದುಡಿಯುತ್ತಿತ್ತು. ಹ್ಯಾಂಗ್ ಆಗುವುದು ನಿಂತರೆ ಸಂಶಯ ಕ್ಯಾಶ್ ಚಿಪ್ಪಿನ ಮೇಲೋ ಅದರ ಟೈಮಿಂಗ್ ಮೇಲೋ. ಯಾವುದೂ ಬದಲಾಗದಿದ್ದರೆ ಅಲ್ಲಿ ಕೂತಿರುವುದು ನಾನು.

ನಿಮ್ಮನ್ನು ಕಿತ್ತು ಅಸಲಿ ಚಿಪ್ ಹಾಕಬಹುದಲ್ಲ?

ಹಾಕಿ, ಸ್ವಾಮಿ. ತಂತಿಯೇ ಇಲ್ಲದ ಜಾಗದಲ್ಲಿ ಅಸಲಿಯೂ ನನ್ನ ಹಾಗೇ ಕೂರಬೇಕಾಗುತ್ತದೆ. ನನ್ನನ್ನು ಕಿತ್ತರೂ ಯಂತ್ರ ಈಗಿರುವಂತೆಯೇ ಓಡುತ್ತದೆ. ಹಾಗಾಗಿಯೇ ಈವರೆಗೆ ಯಾರೂ ಕಿತ್ತಿಲ್ಲ.